"ನಂಬಿಕೆ ಸಾಲದೆ ಗುಣವಾಗಲಿಲ್ಲ" ಅಂತಾರೆ. ಸುವಾರ್ತೆಯಲ್ಲಿ ನಿಜಕ್ಕೂ ಹಾಗಿದೆಯಾ?

ಮಳೆಬಿಲ್ಲು:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನನ್ನ ಅಕ್ಕನಿಗೆ ಎರಡೂ ಕಿಡ್ನಿ ಕೆಲಸ ಮಾಡುತ್ತಿಲ್ಲ. ನಾಲ್ಕು ವರ್ಷದಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್. ಎರಡು ತಿಂಗಳ ಹಿಂದೆ ಅವಳೇ ಆಸೆಪಟ್ಟಳು ಅಂತ ಒಂದು ಪ್ರಾರ್ಥನಾ ಕೂಟಕ್ಕೆ ಕರೆದುಕೊಂಡು ಹೋಗಿದ್ದೆ. ಅಲ್ಲಿಗೆ ಬಂದಿದ್ದ ಪ್ರಸಂಗಿಯೊಬ್ಬರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದರು. ಅದು ನಮಗೂ ಸಮಾಧಾನವೇ ಆಯಿತು. ಎರಡು ವಾರ ಬಿಟ್ಟು ಮತ್ತೆ ಸಿಕ್ಕಾಗ ಮಾತ್ರ "ಇನ್ನೂ ಸೂಜಿ ಚುಚ್ಚಿಸಿಕೊಳ್ತಾ ಇದೀಯಾ? ಹಾಗಾದರೆ ನಿನ್ನ ನಂಬಿಕೆಯಲ್ಲೇ ಕೊರತೆ ಇದೆ, ಇಲ್ಲಾ ಮನೆಯಲ್ಲಿ ಯಾರೋ ಪಾಪ ಮುಚ್ಚಿಟ್ಟಿದ್ದೀರಿ" ಅಂದುಬಿಟ್ಟರು. ಅಕ್ಕ ತುಟಿ ಬಿಚ್ಚಲಿಲ್ಲ. ಮನೆಗೆ ಬಂದವಳು ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲು ಆಪರೇಷನ್ ಮಾಡಿ ರಕ್ತನಾಳ ಜೋಡಿಸಿದ ಜಾಗ) ಇರುವ ಎಡಗೈ ಮೇಲೆ ಸೆರಗು ಎಳೆದುಕೊಂಡು ಕೂತಳು. ಉಬ್ಬಿದ ನರ, ಸೂಜಿ ಗುರುತು, ಎಲ್ಲಾ ನಾವು ದಿನಾ ನೋಡುವುದೇ. ನಾಲ್ಕು ವರ್ಷದಲ್ಲಿ ಅವಳು ಆ ಕೈಯನ್ನು ನಮ್ಮಿಂದ ಮುಚ್ಚಿದ್ದು ಅದೇ ಮೊದಲು.

ಅವತ್ತಿನಿಂದ ಪೆನ್ಸಿಲ್ ಹಿಡಿದು, ಬೈಬಲಿನಲ್ಲಿ ಯೇಸುವಿನ ಕಥೆ ಹೇಳುವ ನಾಲ್ಕೂ ಸುವಾರ್ತೆ ಓದುತ್ತಿದ್ದೇನೆ. ರೋಗಿಯ ಕಥೆ ಬಂದಲ್ಲೆಲ್ಲಾ ಒಂದೇ ಪ್ರಶ್ನೆ ಬರೆದುಕೊಂಡೆ: ಇಲ್ಲಿ ಯಾರ ನಂಬಿಕೆ? ಕಪೆರ್ನೌಮಿನಲ್ಲಿ ಚಾವಣಿ ಕಿತ್ತು ಇಳಿಸಿದ ಪಾರ್ಶ್ವವಾಯು ರೋಗಿಯ ಕಥೆಯಲ್ಲಿ ಯೇಸು ನೋಡಿದ್ದು "ಅವರ" ನಂಬಿಕೆಯನ್ನು. ಅಂದರೆ ಹೊತ್ತು ತಂದ ನಾಲ್ವರದ್ದೂ ಅದರಲ್ಲಿದೆ. ಬೆತೆಸ್ದದ ಕೊಳದ ಹತ್ತಿರ 38 ವರ್ಷ ನರಳಿದವನಿಗೆ ತನ್ನನ್ನು ಗುಣಪಡಿಸಿದವನು ಯಾರು ಅಂತಲೇ ಗೊತ್ತಿರಲಿಲ್ಲ. ನಾಯಿನ್ ಊರಿನ ವಿಧವೆ ಏನನ್ನೂ ಕೇಳಿಕೊಳ್ಳಲೇ ಇಲ್ಲ, ಅವಳ ಸತ್ತ ಮಗನ ಚಟ್ಟವನ್ನು ಮುಟ್ಟಿ ನಿಲ್ಲಿಸಿ ಅವನನ್ನು ಎಬ್ಬಿಸಿದ್ದು ಯೇಸುವೇ. ಯೇಸುವನ್ನು ಹಿಡಿದುಕೊಂಡು ಹೋಗಲು ಬಂದ ಗುಂಪಿನಲ್ಲಿದ್ದ ಮಹಾಯಾಜಕನ ಆಳಿನ ಕಿವಿ ತುಂಡಾದಾಗ ಅದನ್ನೂ ಮುಟ್ಟಿ ವಾಸಿಮಾಡಿದ ಅಂತ ಲೂಕ ಬರೆಯುತ್ತಾನೆ. ಆ ಆಳಿಗೆ ಎಂಥ ನಂಬಿಕೆ ಇತ್ತು?

ಆದರೆ "ನಿನ್ನ ನಂಬಿಕೆಯೇ ನಿನ್ನನ್ನು ಗುಣಪಡಿಸಿತು" ಅನ್ನುವ ಮಾತೂ ಇದೆ, ಒಂದಲ್ಲ, ಹಲವು ಕಡೆ. ನಜರೇತಿನಲ್ಲಿ ಜನರ ಅಪನಂಬಿಕೆಯಿಂದ ದೊಡ್ಡ ಕೆಲಸ ಮಾಡಲು ಆಗಲಿಲ್ಲ ಅಂತಲೂ ಇದೆ. ಹಾಗಾದರೆ ಆ ಪ್ರಸಂಗಿ ಹೇಳಿದ್ದು ಸರಿಯಾ? ತಿಳಿದವರು ಹೇಳಿ. ಅಕ್ಕನಿಗೆ ಸುಳ್ಳು ಸಮಾಧಾನ ಹೇಳುವುದು ನನಗೆ ಬೇಡ.

ಹಳೇ_ಓದುಗ:
ಅಕ್ಕನ ವಿಷಯ ಓದಿ ಸಂಕಟವಾಯಿತು. ನಾನು ಕೆಲವು ವರ್ಷ ದೇವಶಾಸ್ತ್ರ ಓದಿದವನು, ಗ್ರೀಕ್ ಸ್ವಲ್ಪ ಬರುತ್ತದೆ.

"ನಿನ್ನ ನಂಬಿಕೆಯೇ" ಅನ್ನುವ ಮಾತಿನಿಂದಲೇ ಶುರು ಮಾಡೋಣ. ಅಲ್ಲಿರುವ ಕ್ರಿಯಾಪದ ಸೋಝೋ. ಅದಕ್ಕೆ ಗುಣಪಡಿಸು ಅಂತಲೂ ಅರ್ಥ, ರಕ್ಷಿಸು ಅಂತಲೂ ಅರ್ಥ. ರೋಗ ವಾಸಿಮಾಡು ಅನ್ನುವುದಕ್ಕೆ ಬೇರೆ ಪದಗಳು ಇಲ್ಲದೆ ಇಲ್ಲ. ಇಯಾಒಮೈ ಇದೆ, ಥೆರಪೆವೊ ಇದೆ. ಥೆರಪಿ ಅನ್ನುವ ಮಾತು ಬಂದಿದ್ದು ಅಲ್ಲಿಂದಲೇ.

ಈಗ ಮಾರ್ಕ 5ನೇ ಅಧ್ಯಾಯದ ಹೆಂಗಸನ್ನು ನೋಡಿ. 12 ವರ್ಷ ರಕ್ತಸ್ರಾವ. ಇದ್ದಬದ್ದ ದುಡ್ಡೆಲ್ಲಾ ವೈದ್ಯರಿಗೆ ಸುರಿದರೂ ಇನ್ನೂ ಕೆಟ್ಟಿತು ಅಂತ ಮಾರ್ಕ ಬರೆಯುತ್ತಾನೆ. (ಇದೇ ಕಥೆ ಹೇಳುವ ಲೂಕ "ಇನ್ನೂ ಕೆಟ್ಟಿತು" ಅನ್ನುವುದನ್ನು ಬಿಟ್ಟಿದ್ದಾನೆ. ಸಭೆಗಳಿಗೆ ಪತ್ರ ಬರೆದ ಅಪೊಸ್ತಲ ಪೌಲ ಅವನನ್ನು ಪ್ರಿಯ ವೈದ್ಯ ಅಂತ ಕರೆದದ್ದು ನೆನಪಾಗುತ್ತದೆ.) ಶುದ್ಧ ಅಶುದ್ಧದ ನಿಯಮಗಳಿರುವ ಯಾಜಕಕಾಂಡದ 15ನೇ ಅಧ್ಯಾಯದ ಪ್ರಕಾರ ಅವಳು ಮುಟ್ಟಿದ್ದೆಲ್ಲಾ ಮೈಲಿಗೆ. ಕೂತ ಜಾಗ, ಮಲಗಿದ ಚಾಪೆ, ಎಲ್ಲಾ. ಹನ್ನೆರಡು ವರ್ಷ ಅವಳನ್ನು ಯಾರು ಅಪ್ಪಿಕೊಂಡಿರಬಹುದು ಯೋಚಿಸಿ. ಅದಕ್ಕೇ ಹಿಂದಿನಿಂದ ಬಂದು, ಯಾರಿಗೂ ಕಾಣದ ಹಾಗೆ ಬಟ್ಟೆ ಮುಟ್ಟುತ್ತಾಳೆ. ರಕ್ತ ಅಲ್ಲೇ ನಿಂತುಹೋಗುತ್ತದೆ. ಅದು 29ನೇ ವಚನ. ರೋಗದ ಮಟ್ಟಿಗೆ ಕಥೆ ಅಲ್ಲಿಗೆ ಮುಗಿಯಿತು ಅಲ್ವಾ? ಯೇಸು ಮುಗಿಸುವುದಿಲ್ಲ. "ಯಾರು ಮುಟ್ಟಿದ್ದು?" ಅಂತ ಕೇಳಿ ಇಡೀ ಗುಂಪನ್ನು ನಿಲ್ಲಿಸುತ್ತಾನೆ. ಅತ್ತ ಸಭಾಮಂದಿರದ ಅಧಿಕಾರಿ ಯಾಯಿರ, ಸಾಯುತ್ತಿರುವ ಮಗಳನ್ನು ಬಿಟ್ಟು ಬಂದು ಕಾಯುತ್ತಿದ್ದಾನೆ. ಅವನನ್ನೂ ಕಾಯಿಸಿ ಈ ಹೆಂಗಸಿನ ಮಾತನ್ನು ಪೂರ್ತಿ ಕೇಳುತ್ತಾನೆ. ಕೇಳಿ "ಮಗಳೇ" ಅನ್ನುತ್ತಾನೆ. ಸುವಾರ್ತೆಗಳಲ್ಲಿ ಅವನು ಒಬ್ಬ ಹೆಂಗಸನ್ನು ಹಾಗೆ ಕರೆದದ್ದು ಇದೊಂದೇ ಸಂದರ್ಭದಲ್ಲಿ. ಯೇಸುವಿನ ಬಾಯಲ್ಲಿ ಸೋಝೋ ಬರುವುದು ಅದಾದ ಮೇಲೆ, 34ನೇ ವಚನದಲ್ಲಿ. ಮೈ ಆಗಲೇ ವಾಸಿಯಾಗಿತ್ತು. ಎಲ್ಲರ ಎದುರು ಮಗಳು ಅನ್ನಿಸಿಕೊಂಡ ಮೇಲೆ "ನಿನ್ನನ್ನು ಉಳಿಸಿತು" ಅನ್ನುವ ಮಾತು ಬಂತು. ನನ್ನ ಓದಿನಲ್ಲಿ ಗುಣವಾಗುವುದು ಅಂದರೆ ಇದು: ಮನುಷ್ಯರ ನಡುವೆ ಮತ್ತೆ ಜಾಗ ಸಿಗುವುದು. ದೇಹ ಅದರೊಳಗೆ ಇದೆ, ಆದರೆ ಅಷ್ಟೇ ಅಲ್ಲ.

ಆ ಪ್ರಸಂಗಿ ನಿಮ್ಮ ಅಕ್ಕನಿಗೆ ಮಾಡಿದ್ದು ಇದರ ತಲೆಕೆಳಗು. ಗುಂಪಿನಲ್ಲಿ ಇದ್ದವಳನ್ನು ಮತ್ತೆ ಸೆರಗಿನೊಳಗೆ ತಳ್ಳಿದರು.

ಕೋಲಾರದ_ಗಾಳಿ:
ಸಹೋದರಿ, ಮೊದಲು ಕ್ಷಮೆ ಕೇಳುತ್ತೇನೆ. ನಾನೂ ಪೆಂತೆಕೋಸ್ತ್ ಸಭೆಯವನು, ಕೈಯಿಟ್ಟು ಪ್ರಾರ್ಥಿಸುವವನು. ಆ ಮಾತು ಆಡಬಾರದಿತ್ತು.

ಆದರೆ ಹಳೇ ಓದುಗರ ಮಾತಿಗೆ ಒಂದು ತಕರಾರು ಇದೆ. "ಮನುಷ್ಯರ ನಡುವೆ ಜಾಗ" ಅನ್ನುವುದು ಚೆಂದವಾಗಿದೆ, ಆದರೆ ಮೈ ನೋವಿನಲ್ಲಿ ಇರುವವನಿಗೆ ಅದು ಸಾಕಾ? ನನ್ನ ತಮ್ಮನಿಗೆ ಮೆದುಳು ಜ್ವರ ಬಂದಾಗ ಒಂಬತ್ತು ದಿನ ಪ್ರಜ್ಞೆ ಇರಲಿಲ್ಲ. "ಕೈ ಮೀರಿದೆ, ಊರವರಿಗೆ ಹೇಳಿಕಳಿಸಿ" ಅಂದಿದ್ದರು. ಸಭೆಯವರು ಮೂರು ರಾತ್ರಿ ಆಸ್ಪತ್ರೆಯ ಹೊರಗೆ, ಸೈಕಲ್ ಸ್ಟ್ಯಾಂಡಿನ ತಗಡಿನ ಕೆಳಗೆ ಕೂತು ಪ್ರಾರ್ಥಿಸಿದರು. ಹತ್ತನೇ ದಿನ ಕಣ್ಣುಬಿಟ್ಟು ನೀರು ಕೇಳಿದ. ಇವತ್ತು ಟೆಂಪೋ ಓಡಿಸುತ್ತಾನೆ. ಔಷಧಿಯೂ ಕೊಡುತ್ತಿದ್ದರು, ಇಲ್ಲ ಅನ್ನುವುದಿಲ್ಲ. ಆದರೂ ಆ ಮೂರು ರಾತ್ರಿಯನ್ನು ನಾನು ಬಿಟ್ಟುಕೊಡಲಾರೆ. "ನಿನ್ನನ್ನು ಗುಣಪಡಿಸುವ ಯೆಹೋವನು ನಾನೇ" ಅಂತ ವಿಮೋಚನಕಾಂಡದಲ್ಲಿ ಇದೆ. ಯೆಶಾಯ 53ರ "ನಮ್ಮ ಸಂಕಟಗಳನ್ನು ಹೊತ್ತನು" ಅನ್ನುವುದನ್ನು ಮತ್ತಾಯನು 8ನೇ ಅಧ್ಯಾಯದಲ್ಲಿ ನೇರವಾಗಿ ಮೈಯ ರೋಗಕ್ಕೇ ಹೇಳುತ್ತಾನೆ. ಇದನ್ನೆಲ್ಲಾ ಬರೀ ಒಳಗಿನ ಅರ್ಥ ಮಾಡಿಬಿಟ್ಟರೆ ನಮ್ಮಂಥ ಬಡವರಿಗೆ ಏನು ಉಳಿಯುತ್ತದೆ?

ಅಕ್ಕನ ವಿಷಯಕ್ಕೆ ಬಂದರೆ, ನಮ್ಮ ಸಭೆಯಲ್ಲಿ ಜಾಸ್ತಿ ಓದುವ ಯಾಕೋಬನ 5ನೇ ಅಧ್ಯಾಯವನ್ನೇ ನೋಡಿ. ಅಸ್ವಸ್ಥನಾದವನು ಸಭೆಯ ಹಿರಿಯರನ್ನು ಕರೆಸಲಿ, ಅವರು ಎಣ್ಣೆ ಹಚ್ಚಿ ಪ್ರಾರ್ಥಿಸಲಿ, ನಂಬಿಕೆಯ ಪ್ರಾರ್ಥನೆ ಅವನನ್ನು ಉಳಿಸುವುದು ಅಂತ ಇದೆ. ಪ್ರಾರ್ಥನೆ ಮಾಡುವವರು ಯಾರು? ಹಿರಿಯರು. ರೋಗಿಯ ಮೇಲೆ ಇರುವ ಕೆಲಸ ಒಂದೇ, ಕರೆಸುವುದು. ನಿಮ್ಮ ಅಕ್ಕ ಅದನ್ನು ಮಾಡಿದ್ದಾರೆ.

ಹಳೇ_ಓದುಗ:
ಕೋಲಾರದವರ ಮಾತು ಒಪ್ಪಿದೆ. ದೇಹವನ್ನು ಬಿಟ್ಟು ಬರೀ ಅರ್ಥ ಹಿಡಿದುಕೊಂಡರೆ ಯೇಸು ಉಗುಳಿನಿಂದ ಕೆಸರು ಮಾಡಿದ್ದು, ಕಿವಿಗೆ ಬೆರಳಿಟ್ಟದ್ದು ಯಾಕೆ ಅನ್ನುವುದಕ್ಕೆ ಉತ್ತರವೇ ಇರುವುದಿಲ್ಲ.

ನೀವು ಹೇಳಿದ ಯಾಕೋಬನ ಮಾತಿಗೆ ಇನ್ನೊಂದು ಸೇರಿಸುತ್ತೇನೆ. ಪ್ರಯತ್ನಿಸಿದರೂ ಗುಣವಾಗಲಿಲ್ಲ ಅನ್ನುವ ಕಥೆ ಸುವಾರ್ತೆಯಲ್ಲೇ ಇದೆ. ಮೂರ್ಛೆ ಬಂದು ಬೆಂಕಿಗೂ ನೀರಿಗೂ ಬೀಳುತ್ತಿದ್ದ ಹುಡುಗ. ಶಿಷ್ಯರು ಪ್ರಯತ್ನಿಸಿ ಸೋತರು. "ನಮ್ಮಿಂದ ಯಾಕೆ ಆಗಲಿಲ್ಲ?" ಅಂತ ಕೇಳಿದಾಗ ಮತ್ತಾಯ 17ರಲ್ಲಿ ಸಿಗುವ ಉತ್ತರ: ನಿಮ್ಮ ನಂಬಿಕೆ ಕಡಿಮೆ. ಯಾರಿಗೆ ಹೇಳಿದ್ದು? ಗುಣಪಡಿಸಲು ಹೋದವರಿಗೆ. ಹುಡುಗನಿಗಲ್ಲ. ಅವನ ಅಪ್ಪನಿಗೂ ಅಲ್ಲ. ಆ ಅಪ್ಪ "ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು" ಅಂತ ಅರ್ಧ ನಂಬಿಕೆಯನ್ನೇ ಕೂಗಿ ಹೇಳಿದ, ಮಾರ್ಕ 9ರಲ್ಲಿ. ಅಷ್ಟಕ್ಕೇ ಮಗ ವಾಸಿಯಾದ.

ನಜರೇತಿನ ಮಾತನ್ನೂ ಪೂರ್ತಿ ಓದಿ. "ಇವನು ಬಡಗಿ ಅಲ್ಲವೇ" ಅಂತ ಮೂಗು ಮುರಿದದ್ದು ಊರಿನವರು. ದೊಡ್ಡ ಕೆಲಸ ಮಾಡಲು ಆಗಲಿಲ್ಲ ಅನ್ನುವ ಅದೇ ವಚನದಲ್ಲಿ, ಕೆಲವು ರೋಗಿಗಳ ಮೇಲೆ ಕೈಯಿಟ್ಟು ವಾಸಿಮಾಡಿದ ಅಂತಲೂ ಇದೆ. ಅಪನಂಬಿಕೆಯ ಊರಲ್ಲೂ ವಾಸಿಯಾದವರು ರೋಗಿಗಳೇ.

ರಾತ್ರಿಪಾಳಿ:
ನರ್ಸ್ ಆಗಿ 19 ವರ್ಷ. ಡಯಾಲಿಸಿಸ್ ಘಟಕದಲ್ಲಿ ಆರು ವರ್ಷ ಇದ್ದೆ. ಮಳೆಬಿಲ್ಲು, ಅಕ್ಕ ಡಯಾಲಿಸಿಸ್ ಬಿಟ್ಟಿಲ್ಲ ತಾನೇ? ಮೊದಲು ಅದನ್ನು ಹೇಳಿ. ಒಂದು ಪಾಳಿ ತಪ್ಪಿದರೂ ಪೊಟ್ಯಾಸಿಯಂ ಏರಿ ಹೃದಯ ನಿಲ್ಲಬಹುದು, ನೀರು ಶ್ವಾಸಕೋಶಕ್ಕೆ ಇಳಿಯಬಹುದು. ಗುಣವಾಯಿತು ಅಂತ ಕೂಟದಲ್ಲಿ ಸಾಕ್ಷಿ ಹೇಳಬೇಕು ಅಂತ ಇನ್ಸುಲಿನ್ ಬಿಟ್ಟು ಬಂದವರ ಕಾಲು ಕತ್ತರಿಸಿದ್ದನ್ನು ನೋಡಿದ್ದೇನೆ. ಎಲ್ಲಿ, ಯಾರು ಅಂತ ಬರೆಯುವುದಿಲ್ಲ.

ಔಷಧಿ ತೆಗೆದುಕೊಳ್ಳುವುದು ಅಪನಂಬಿಕೆ ಅನ್ನುವವರಿಗೆ ಬೈಬಲೇ ಉತ್ತರ ಕೊಡುತ್ತದೆ. ಹಿಜ್ಕೀಯ ರಾಜ ಸಾಯುವ ಹಾಗಿದ್ದ. ಅಳುತ್ತಾ ಪ್ರಾರ್ಥಿಸಿದ. ದೇವರು ಇನ್ನೂ 15 ವರ್ಷ ಕೊಟ್ಟೆ ಅಂದ. ಅದನ್ನು ಹೇಳಲು ಬಂದ ಪ್ರವಾದಿ ಯೆಶಾಯನೇ ಅಂಜೂರದ ಹಣ್ಣಿನ ಪಟ್ಟು ತರಿಸಿ ಹುಣ್ಣಿಗೆ ಕಟ್ಟಿಸಿದ. ಪ್ರವಾದನೆಯೂ ಪಟ್ಟೂ ಒಂದೇ ಕೋಣೆಯಲ್ಲಿ. ಹೊಟ್ಟೆ ಸರಿಯಿಲ್ಲದ ತಿಮೊಥೆಗೆ ಸ್ವಲ್ಪ ದ್ರಾಕ್ಷಾರಸ ತಗೋ ಅಂತ ಪೌಲ ಬರೆದ ಪತ್ರ ಇದೆ. ಯೇಸು ಹೇಳಿದ ಕಥೆಯ ಒಳ್ಳೆಯ ಸಮಾರ್ಯದವನು ದಾರಿಯಲ್ಲಿ ಬಿದ್ದಿದ್ದ ಗಾಯಾಳುವಿಗೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಗಾಯ ಕಟ್ಟಿ, ಛತ್ರದವನಿಗೆ ಎರಡು ದಿನಾರಿ ಕೊಟ್ಟು, ಜಾಸ್ತಿ ಖರ್ಚಾದರೆ ವಾಪಸ್ ಬರುವಾಗ ಕೊಡುತ್ತೇನೆ ಅಂದ. ಆ ಕಥೆಯಲ್ಲಿ ಪವಾಡವೇ ಇಲ್ಲ. ಬಿಲ್ ಕಟ್ಟುವುದು ಇದೆ.

ಮಳೆಬಿಲ್ಲು:
ಇಲ್ಲ ಇಲ್ಲ, ಬಿಟ್ಟಿಲ್ಲ. ಒಂದು ದಿನ "ಸಾಕು, ಬಿಟ್ಟು ನೋಡೋಣ" ಅಂದಿದ್ದಳು. ಅಮ್ಮ ಅತ್ತು ಕರೆದುಕೊಂಡು ಹೋದರು. ನೀವು ಕೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್.

ಬಿಳಿಕೋಲು:
ಸ್ಕ್ರೀನ್ ರೀಡರಿನಲ್ಲಿ ಪೂರ್ತಿ ಕೇಳಿದೆ. ನಾನು ಹುಟ್ಟಿನಿಂದ ಕುರುಡ. ಕ್ರೈಸ್ತ ಕುಟುಂಬ. ಬಸ್ ಸ್ಟ್ಯಾಂಡಿನಲ್ಲಿ ನಿಂತಿರುವಾಗ ಯಾರೋ ಬಂದು ಕೇಳದೆ ತಲೆ ಹಿಡಿದುಕೊಂಡು ಜೋರಾಗಿ ಪ್ರಾರ್ಥನೆ ಶುರು ಮಾಡುತ್ತಾರೆ. ಬಸ್ಸಿನ ಸದ್ದು ಕೇಳಿಸುವುದಿಲ್ಲ, ಬಸ್ಸು ಹೋಗಿಬಿಡುತ್ತದೆ. ಆಮೇಲೆ "ಏನಾದರೂ ಕಾಣಿಸ್ತಾ?" ಅಂತ ಕೇಳುತ್ತಾರೆ. ಇಲ್ಲ ಅಂದಾಗ ಅವರ ದನಿ ಬದಲಾಗುವುದು ನನಗೆ ಚೆನ್ನಾಗಿ ಗೊತ್ತಾಗುತ್ತದೆ.

ಅದಕ್ಕೇ ಯೆರಿಕೋ ದಾರಿಯ ಬಾರ್ತಿಮಾಯನ ಕಥೆ ನನಗೆ ಇಷ್ಟ. ಕುರುಡ, ಭಿಕ್ಷುಕ, ಕೂಗಿ ಕೂಗಿ ಕರೆದಿದ್ದಾನೆ. ಅವನಿಗೆ ಏನು ಬೇಕು ಅಂತ ಇಡೀ ಗುಂಪಿಗೆ ಗೊತ್ತು. ಆದರೂ ಯೇಸು "ನಾನು ನಿನಗೆ ಏನು ಮಾಡಬೇಕು?" ಅಂತ ಕೇಳುತ್ತಾನೆ. ಕೇಳಿದ ಮೇಲೆಯೇ ಮುಂದಿನದು.

ಹುಟ್ಟುಕುರುಡನ ಕಥೆ ಇರುವ ಯೋಹಾನ 9 ಮಾತ್ರ ನನಗೆ ಕಷ್ಟ. ಶಿಷ್ಯರು "ಪಾಪ ಮಾಡಿದ್ದು ಇವನೋ, ಇವನ ಅಪ್ಪ ಅಮ್ಮನೋ" ಅಂತ ಕೇಳಿದಾಗ ಯೇಸು ಇಬ್ಬರೂ ಅಲ್ಲ ಅನ್ನುತ್ತಾನೆ. ಅಷ್ಟು ಕೇಳಿ ಚಿಕ್ಕವನಿದ್ದಾಗ ನನ್ನ ಎದೆ ಹಗುರವಾಗುತ್ತಿತ್ತು. ತಕ್ಷಣ ಮುಂದಿನ ಮಾತು: ದೇವರ ಕೆಲಸ ಇವನಲ್ಲಿ ಕಾಣಿಸಲಿ ಅಂತ ಹೀಗಾಯಿತು. ಅಂದರೆ ತೋರಿಸುವುದಕ್ಕೆ ಅಂತ ಒಂದು ಮಗುವಿನ ಕಣ್ಣು ತೆಗೆದರಾ? ಇಪ್ಪತ್ತು ವರ್ಷದಿಂದ ಯಾರೂ ಸರಿಯಾದ ಉತ್ತರ ಕೊಟ್ಟಿಲ್ಲ.

ಹಳೇ_ಓದುಗ:
ಉತ್ತರ ಅಂತಲ್ಲ, ಒಂದು ಓದು ಹೇಳುತ್ತೇನೆ. ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ ಈಗಿನ ಹಾಗೆ ಪೂರ್ಣವಿರಾಮ, ಅಲ್ಪವಿರಾಮ ಇರಲಿಲ್ಲ. ನಾವು ಓದುವ ವಿರಾಮಗಳು ಆಮೇಲಿನವರು ಹಾಕಿದ್ದು. "ಹೀಗಾಯಿತು" ಅನ್ನುವ ಪದವೂ ಮೂಲದಲ್ಲಿ ಇಲ್ಲ. "ಆದರೆ ದೇವರ ಕೆಲಸಗಳು ಇವನಲ್ಲಿ ಕಾಣುವಂತೆ" ಅಂತ ಅಷ್ಟೇ ಇದೆ. ಅದಕ್ಕೆ ಕೆಲವು ವಿದ್ವಾಂಸರು ವಿರಾಮವನ್ನು ಒಂದು ಹೆಜ್ಜೆ ಹಿಂದೆ ಇಟ್ಟು ಓದುತ್ತಾರೆ: "ಇವನೂ ಪಾಪ ಮಾಡಲಿಲ್ಲ, ಇವನ ಹೆತ್ತವರೂ ಮಾಡಲಿಲ್ಲ. ಆದರೆ ದೇವರ ಕೆಲಸಗಳು ಇವನಲ್ಲಿ ಕಾಣುವಂತೆ, ನನ್ನನ್ನು ಕಳುಹಿಸಿದಾತನ ಕೆಲಸವನ್ನು ಹಗಲಿರುವಾಗಲೇ ನಾವು ಮಾಡಬೇಕು." ಹೀಗೆ ಓದಿದರೆ ಯಾಕೆ ಕುರುಡನಾದ ಅನ್ನುವುದಕ್ಕೆ ಕಾರಣವನ್ನೇ ಕೊಟ್ಟಿಲ್ಲ. ಶಿಷ್ಯರ ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟು, ಮುಂದೆ ಏನು ಮಾಡಬೇಕು ಅನ್ನುವುದಕ್ಕೆ ಹೋಗಿದ್ದಾನೆ. ಎಲ್ಲರೂ ಇದನ್ನು ಒಪ್ಪುವುದಿಲ್ಲ. ನಾನು ಒಪ್ಪುತ್ತೇನೆ.

ಆ ಅಧ್ಯಾಯದ ಉಳಿದ ಭಾಗವನ್ನೂ ನೋಡಿ. ಕಣ್ಣು ಬರುವುದು ಏಳನೇ ವಚನಕ್ಕೇ, ಸಿಲೋವ ಕೊಳದಲ್ಲಿ ತೊಳೆದ ಕೂಡಲೇ. ಕಥೆ ಇನ್ನೂ ಮೂವತ್ತನಾಲ್ಕು ವಚನ ಇದೆ. ನೆರೆಯವರು ಇವನೇನಾ ಅಂತ ಅನುಮಾನಪಡುತ್ತಾರೆ, ಅಪ್ಪ ಅಮ್ಮ ಹೆದರಿ ಕೈಚೆಲ್ಲುತ್ತಾರೆ, ಧರ್ಮಶಾಸ್ತ್ರದಲ್ಲಿ ಕಟ್ಟುನಿಟ್ಟಿನ ಫರಿಸಾಯರು "ಪಾಪದಲ್ಲೇ ಹುಟ್ಟಿದವನು" ಅಂತ ಬೈದು ಹೊರಗೆ ಹಾಕುತ್ತಾರೆ. ಹೊರಗೆ ಹಾಕಿದ್ದು ಕೇಳಿ ಯೇಸು ಅವನನ್ನು ಹುಡುಕಿಕೊಂಡು ಬರುತ್ತಾನೆ.

ಬಿಳಿಕೋಲು:
ವಿರಾಮದ ವಿಷಯ ನನಗೆ ಗೊತ್ತೇ ಇರಲಿಲ್ಲ. ಎರಡು ಸಲ ಕೇಳಿಸಿಕೊಂಡೆ. ಥ್ಯಾಂಕ್ಸ್ ಅನ್ನುವುದು ಸಣ್ಣ ಮಾತಾಗುತ್ತದೆ.

ತುಂಗೆಯ_ದಡ:
ನಾನು ಕ್ರೈಸ್ತಳಲ್ಲ, ಸುಮ್ನೆ ಓದುತ್ತಾ ಬಂದೆ. ನಮ್ಮ ಮನೆಯಲ್ಲೂ ಇದೇ ಕಥೆ. ಚಿಕ್ಕಪ್ಪನ ಮಗನಿಗೆ ತೊನ್ನು ಬಂದಾಗ "ಯಾವ ಜನ್ಮದ ಕರ್ಮವೋ" ಅಂದವರು ಸಂಬಂಧಿಕರೇ. ಒಂದು ಪ್ರಶ್ನೆ. ಯೇಸು ಕುಷ್ಠರೋಗಿಯನ್ನು ಗುಣಪಡಿಸಿ "ಯಾಜಕನಿಗೆ ತೋರಿಸು" ಅಂತ ಯಾಕೆ ಕಳಿಸಿದ್ದು?

ಕಂಕನಾಡಿ_ಗಂಟೆ:
ಇದಕ್ಕೆ ನಾನು ಹೇಳುತ್ತೇನೆ, ಧರ್ಮೋಪದೇಶ ತರಗತಿಯಲ್ಲಿ ಮಕ್ಕಳಿಗೆ ಪ್ರತಿ ವರ್ಷ ಹೇಳುವ ಪಾಠ. ಯಾಜಕಕಾಂಡ 13 ಮತ್ತು 14ರ ಪ್ರಕಾರ ಚರ್ಮರೋಗ ಇದೆಯೋ ಹೋಯಿತೋ ಅಂತ ನೋಡಿ ಹೇಳುವವನು ಯಾಜಕ. ಅವನು ಶುದ್ಧ ಅನ್ನುವವರೆಗೆ ರೋಗಿ ಪಾಳೆಯದ ಹೊರಗೆ ಒಬ್ಬನೇ ಇರಬೇಕು, ಬಟ್ಟೆ ಹರಿದುಕೊಂಡು "ಅಶುದ್ಧ, ಅಶುದ್ಧ" ಅಂತ ಕೂಗಬೇಕು. ಹಾಗಾಗಿ ಯಾಜಕನ ಬಳಿ ಕಳಿಸುವುದು ಅಂದರೆ ಮನೆಗೆ ಹೋಗುವ ದಾರಿ ತೆರೆಯುವುದು. ಮಾರ್ಕ 1ರಲ್ಲಿ ಕ್ರಮ ಗಮನಿಸಿ. ಮೊದಲು ಮುಟ್ಟುತ್ತಾನೆ, ಆಮೇಲೆ ರೋಗ ಹೋಗುತ್ತದೆ. ರೋಗ ಇರುವಾಗಲೇ ಮುಟ್ಟಿದ್ದು.

ಅಲ್ಲಿನ ಹೀಬ್ರೂ ಪದ ಇವತ್ತಿನ ಕುಷ್ಠವೊಂದೇ ಅಲ್ಲ. ಬಟ್ಟೆಗೂ ಮನೆಯ ಗೋಡೆಗೂ ಬರುತ್ತದೆ ಅಂತ ಅದೇ ಅಧ್ಯಾಯಗಳಲ್ಲಿ ಇದೆ. ನಾರ್ವೆಯ ವೈದ್ಯ ಹಾನ್ಸೆನ್ ಕುಷ್ಠದ ರೋಗಾಣು ಕಂಡುಹಿಡಿದದ್ದು 1873ರಲ್ಲಿ. ಅದಕ್ಕೂ ಮುಂಚೆ ಎಷ್ಟು ತಲೆಮಾರು ತೊನ್ನಿನವರೂ ಇಸುಬಿನವರೂ ಈ ಪದದ ಹೊರೆ ಹೊತ್ತರೋ.

ನಮ್ಮ ಊರಿನದ್ದೂ ಒಂದು ಮಾತು. ಜರ್ಮನಿಯಲ್ಲಿ ಹುಟ್ಟಿದ ಯೇಸುಸಭೆಯ (ಜೆಸ್ವಿಟ್) ಫಾದರ್ ಅಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಹೋಮಿಯೋಪಥಿ ಔಷಧಿ ಕೊಡಲು ಶುರು ಮಾಡಿದರು. ಹತ್ತು ವರ್ಷಕ್ಕೆ ಕುಷ್ಠರೋಗಿಗಳಿಗೆ ಅಂತ ಒಂದು ಆಸರೆಯ ಮನೆಯೂ ಆಯಿತು. ಆ ಕಾಲಕ್ಕೆ ಕುಷ್ಠಕ್ಕೆ ಗುಣಪಡಿಸುವ ಮದ್ದೇ ಇರಲಿಲ್ಲ. ಆದರೂ ಕಟ್ಟಿದರು. ಮತ್ತಾಯ 25ರಲ್ಲಿ "ರೋಗದಲ್ಲಿದ್ದೆ, ನನ್ನನ್ನು ಗುಣಪಡಿಸಿದಿರಿ" ಅಂತ ಇಲ್ಲ. ನೋಡಲು ಬಂದಿರಿ, ಆರೈಕೆ ಮಾಡಿದಿರಿ ಅಂತ ಇದೆ.

ಇನ್ನೊಂದು. ನಮ್ಮ ಕಥೋಲಿಕ ಸಭೆಯಲ್ಲಿ ರೋಗಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸುವ ವಿಧಿ ಇದೆ. ನನ್ನ ಅಜ್ಜಿಗೆ ಗುರುಗಳು ಎಣ್ಣೆ ತಂದರೆ ಸಾಕು, ಸಾವು ಬಂತು ಅಂತ ನಡುಕ. ಕೊನೆಯ ಅಭ್ಯಂಗ ಅಂತಲೇ ಕರೆಯುತ್ತಿದ್ದರು. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ, 1972ರಲ್ಲಿ ಆರನೇ ಪೌಲ್ ಪೋಪರು ವಿಧಿಯನ್ನು ಬದಲಿಸಿದರು. ಈಗ ರೋಗಿಗಳ ಅಭ್ಯಂಗ. ಸಾಯುವವರೆಗೆ ಕಾಯಬೇಕಾಗಿಲ್ಲ, ದೊಡ್ಡ ಆಪರೇಷನ್‌ಗೆ ಮುಂಚೆಯೂ ಪಡೆಯಬಹುದು, ಮತ್ತೆ ಮತ್ತೆ ಪಡೆಯಬಹುದು. ಹಣೆಗೂ ಅಂಗೈಗೂ ಎಣ್ಣೆ ಹಚ್ಚುತ್ತಾರೆ.

ಮಳೆಬಿಲ್ಲು:
ಒಂದು ಕೊನೆಯ ಪ್ರಶ್ನೆ, ಅಕ್ಕನೇ ಕೇಳಿದ್ದು. ಬೈಬಲಿನಲ್ಲಿ ಗುಣವಾಗದೆ ಉಳಿದ ಒಳ್ಳೆಯವರು ಯಾರಾದರೂ ಇದ್ದಾರಾ?

ಕೋಲಾರದ_ಗಾಳಿ:
ಇದ್ದಾರೆ ತಂಗಿ. ನಮ್ಮ ಕೂಟಗಳಲ್ಲಿ ಇವರ ಹೆಸರು ಕಡಿಮೆ ಬರುತ್ತದೆ, ಇವತ್ತು ನಾನೇ ಹುಡುಕಿ ಬರೆಯುತ್ತಿದ್ದೇನೆ. ಪೌಲನಿಗೆ ಶರೀರದಲ್ಲಿ ಒಂದು ಮುಳ್ಳು ಇತ್ತು. ತೆಗೆದುಬಿಡು ಅಂತ ಮೂರು ಸಲ ಬೇಡಿದ. ತೆಗೆಯಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಅನ್ನುವ ಉತ್ತರ ಬಂತು. ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟುಬಂದೆ ಅಂತ ಎರಡನೇ ತಿಮೊಥೆಯ ಕೊನೆಯಲ್ಲಿ ಒಂದೇ ಸಾಲು ಇದೆ. ಕೈಯಿಟ್ಟು ಎಷ್ಟೋ ಜನರನ್ನು ಗುಣಪಡಿಸಿದ ಪೌಲ, ಜೊತೆಗಾರನನ್ನು ಹಾಗೇ ಬಿಟ್ಟು ಹೊರಟಿದ್ದಾನೆ. ಅವನ ನಂಬಿಕೆ ಸಾಲದು ಅಂತ ಒಂದು ಅಕ್ಷರ ಬರೆದಿಲ್ಲ. ಎಷ್ಟು ಸಲ ಓದಿದ ಪತ್ರ, ಆ ಸಾಲಿನ ಹತ್ತಿರ ನಾನು ಇವತ್ತಿನವರೆಗೆ ನಿಂತಿರಲಿಲ್ಲ.

ನಾನು ಪ್ರಾರ್ಥಿಸುವುದನ್ನು ಬಿಡುವುದಿಲ್ಲ. ಅಕ್ಕ ಒಪ್ಪಿದರೆ ಅವರಿಗಾಗಿಯೂ ಮಾಡುತ್ತೇನೆ, ಮೈಯೇ ವಾಸಿಯಾಗಲಿ ಅಂತಲೇ ಬೇಡುತ್ತೇನೆ. ಒಪ್ಪದಿದ್ದರೆ ಅವರ ಹೆಸರು ಎತ್ತುವುದಿಲ್ಲ.

ಮಳೆಬಿಲ್ಲು:
ಇವತ್ತು ಡಯಾಲಿಸಿಸ್ ನಡೆಯುವಾಗ ನಾಲ್ಕು ಗಂಟೆ ಪಕ್ಕದಲ್ಲಿ ಕೂತು ಇದನ್ನೆಲ್ಲಾ ಅಕ್ಕನಿಗೆ ಓದಿ ಹೇಳಿದೆ. ತ್ರೊಫಿಮನ ಹತ್ತಿರ "ಇನ್ನೊಂದು ಸಲ ಓದು" ಅಂದಳು. ಆಮೇಲೆ ಯಾಯಿರನ ಮಗಳ ಕಥೆ ಕೊನೆಯವರೆಗೆ ಓದಿಸಿಕೊಂಡಳು. ಹನ್ನೆರಡು ವರ್ಷದ ಹುಡುಗಿ ಎದ್ದು ಓಡಾಡುತ್ತಾಳೆ, ಎಲ್ಲರೂ ಬೆರಗಾಗಿ ನಿಂತಿದ್ದಾರೆ, ಯೇಸು "ಇವಳಿಗೆ ತಿನ್ನಲು ಏನಾದರೂ ಕೊಡಿ" ಅನ್ನುತ್ತಾನೆ. "ನಾಲ್ಕು ವರ್ಷದಿಂದ ಎಲ್ಲರೂ ನನಗೆ ಎಳನೀರು ಬೇಡ, ಬಾಳೆಹಣ್ಣು ಬೇಡ, ನೀರು ಅಳೆದು ಕುಡಿ ಅಂತಲೇ ಹೇಳುತ್ತಿದ್ದೀರಿ. ಹಸಿವಾ ಅಂತ ಯಾರೂ ಕೇಳಲಿಲ್ಲ" ಅಂದಳು. ನನಗೆ ಮಾತು ಹೊರಡಲಿಲ್ಲ. ಹಸಿವಾ ಅಂತ ಕೇಳಿದೆ. ಹೌದು ಅಂದಳು. ಡಯೆಟಿಷಿಯನ್ ಹತ್ತಿರ ಕೇಳಿಕೊಂಡು ಬಂದು, ಚಟ್ನಿ ಇಲ್ಲದೆ ಎರಡು ಇಡ್ಲಿ ತರಿಸಿದೆ. ಬಲಗೈಯಲ್ಲಿ ತಿಂದಳು. ಎಡಗೈ ಮಷೀನಿನ ಪಕ್ಕ ಹಾಗೇ ತೆರೆದುಕೊಂಡೇ ಇತ್ತು.

ಕೋಲಾರದ ಅಣ್ಣ, ಪ್ರಾರ್ಥನೆ ಮಾಡಬಹುದಂತೆ. ತಲೆ ಮೇಲೆ ಕೈ ಬೇಡವಂತೆ, ಮನೆಗೆ ಬಂದರೆ ಕುರ್ಚಿ ಹಾಕಿಕೊಂಡು ಎದುರಿಗೆ ಕೂತುಕೊಳ್ಳಿ ಅಂದಳು. ಮಂಗಳವಾರ ಡಯಾಲಿಸಿಸ್ ಇಲ್ಲ, ಅವತ್ತು ಬನ್ನಿ.